ಗಂಜಿಯಿಲ್ಲದ ಹರಳು

ನೈಟ್ರಿಕ್ ಆಸಿಡ್ ಬಾಟಲಿಗಳನ್ನು ತುಂಬಿಸಿ ತುಂಬಿಸಿ ಅವರ ಬಲಗೈ ಹೆಬ್ಬೆರಳು ಸದಾ ಹಳದಿಯಾಗಿರುತ್ತಿತ್ತು. ಒಂದು ಕಲೆ ಮಾಸುವಷ್ಟರಲ್ಲಿ ಇನ್ನೊಂದು. ಚಿತ್ರದುರ್ಗದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್ ಅವರು, ನಮಗೆಲ್ಲ ಚಾಚಾ. ಓದಿದ್ದು ಏಳನೇ ಕ್ಲಾಸು. ಲ್ಯಾಬಿನ ಫ್ರಿಜ್ಜು ಕೆಟ್ಟು ಕೂತಿದ್ದರಿಂದ ಆಸ್ಪಿರಿನ್ ಮಾಡುವ ದಿನ ಮನೆಯಿಂದ ಟಿಫಿನ್ ಕ್ಯಾರಿಯರಿನಲ್ಲಿ ಐಸು ತರುತ್ತಿದ್ದರು. ಬಿರಿಯಾನಿ ಇರಬಹುದೆಂದು ನಾವು ಮುಚ್ಚಳ ತೆಗೆದು ಪೆಚ್ಚಾದದ್ದೂ ಉಂಟು.

ಬಿ.ಎಸ್ಸಿ. ಕೊನೆಯ ವರ್ಷ. ನಾವೇ ಮಾಡಿದ ಆಸ್ಪಿರಿನ್ ಹರಳನ್ನು ಸಂಜೆಯೊಳಗೆ ಲೆಕ್ಚರರಿಗೆ ಒಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ರೆಕಾರ್ಡಿಗೆ ಸಹಿಯಿಲ್ಲ, ಸಹಿಯಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಎಲ್ಲರ ಫ್ಲಾಸ್ಕಿನಲ್ಲೂ ಬಿಳಿ ಹರಳು. ನನ್ನದರಲ್ಲಿ ಬರೀ ತಿಳಿ ನೀರು. ಐಮಂಗಲದಿಂದ ದಿನಾ ಬಸ್ಸು ಹತ್ತಿಸಿ ಕಳಿಸುತ್ತಿದ್ದ ಅಪ್ಪನ ಮುಖ ನೆನಪಾಯಿತು. ಊಟದ ಬಿಡುವಿನಲ್ಲಿ ಮೆಡಿಕಲ್ ಶಾಪಿನಿಂದ ಆಸ್ಪಿರಿನ್ ಮಾತ್ರೆ ತಂದು, ಲ್ಯಾಬಿನ ಮೂಲೆಯಲ್ಲಿ ಕುಟ್ಟಿ ಪುಡಿ ಮಾಡಿದೆ. ನನ್ನಂಥ ಬುದ್ಧಿವಂತೆ ಬೇರೆ ಯಾರೂ ಇಲ್ಲ ಅಂದುಕೊಂಡಿದ್ದೆ.

ಚಾಚಾ ನೋಡಿಬಿಟ್ಟಿದ್ದರು. ಬೈಯಲಿಲ್ಲ. ಪುಡಿಯ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟರು. ಅದು ಕಡುನೀಲಿಯಾಯಿತು.

“ಅಂಗಡಿ ಮಾತ್ರೇಲಿ ಗಂಜಿ ಕಲ್ಸಿರ್ತಾರೆ ಕಣಮ್ಮ, ಅದಕ್ಕೇ ನೀಲಿ ಆಗೈತೆ. ನೀನು ಮಾಡಿದ್ರಾಗೆ ಗಂಜಿ ಎಲ್ಲಿಂದ ಬರ್ತೈತೆ?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಪುಡಿಯನ್ನು ಅವರೇ ಎಸೆದು, ನನ್ನ ಫ್ಲಾಸ್ಕನ್ನು ಐಸಿನಲ್ಲಿಟ್ಟು, ಗಾಜಿನ ಕಡ್ಡಿಯಿಂದ ಒಳಗಿನ ಗೋಡೆಯನ್ನು ಮೆಲ್ಲಗೆ ಕೆರೆಯಲು ಹೇಳಿದರು. ಕೆರೆದೆ, ಕೆರೆದೇ ಕೆರೆದೆ. ಕೊನೆಗೆ ಗೀರಿದ ಜಾಗದಲ್ಲೇ ಬೆಳ್ಳಗೆ ಏನೋ ಮೂಡಿತು. ನೋಡನೋಡುತ್ತ ಹರಳು ಕಟ್ಟಿತು. ಸೋಸಿ, ತೊಳೆದು, ಒಣಗಿಸಿದರೆ ಅರ್ಧ ಚಮಚವೂ ಇಲ್ಲ.

ಲೆಕ್ಚರರ್ ಫೆರಿಕ್ ಕ್ಲೋರೈಡ್ ಹಾಕಿ ನೋಡಿದರು. ಶುದ್ಧವಾಗಿಲ್ಲದಿದ್ದರೆ ನೇರಳೆ ಬಣ್ಣ ಬರಬೇಕು, ಬರಲಿಲ್ಲ. ಆದರೂ ಇಷ್ಟು ಕಡಿಮೆಯೇಕೆಂದು ಹುಬ್ಬು ಗಂಟಿಕ್ಕಿದರು. ಅವರ ಮುಂದೆ ಎಂದೂ ಬಾಯಿ ತೆರೆಯದ ಚಾಚಾ ಮುಂದೆ ಬಂದರು.

“ಕಮ್ಮಿ ಐತೆ ಸರ್. ಆದ್ರೆ ಅಷ್ಟೂ ಅವಳದೇ.”

ಸಹಿ ಬಿತ್ತು. ಮಾತ್ರೆಯ ವಿಷಯ ಚಾಚಾ ಯಾರಿಗೂ ಹೇಳಲಿಲ್ಲ. ಇವತ್ತು ನಾನೇ ಹೇಳುತ್ತಿದ್ದೇನೆ.

ಈಗ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಇಂಟರ್‌ವ್ಯೂನಲ್ಲಿ ನಿಮಗೆ ಕೆಮಿಸ್ಟ್ರಿ ಕಲಿಸಿದ್ದು ಯಾರೆಂದು ಕೇಳಿದ್ದರು. ನಮ್ಮ ಲ್ಯಾಬ್ ಅಟೆಂಡರ್ ಎಂದೆ. ಅವರು ನಕ್ಕರು, ನಾನು ನಗಲಿಲ್ಲ. ಕೆಲಸ ಸಿಕ್ಕ ಸುದ್ದಿ ಹೇಳಲು ಚಾಚಾ ಮನೆಗೆ ಹೋದಾಗ ಅವರಿಗೆ ಇದನ್ನೂ ಹೇಳಿದೆ. ಅವರು ಅಡುಗೆಮನೆಯಿಂದ ಹೆಂಡತಿಯನ್ನು ಕರೆದರು.

“ಇನ್ನೊಂದ್ಸಲ ಹೇಳಮ್ಮ. ಇವಳೂ ಕೇಳ್ಲಿ.”

ಚಾಚಾ ತೀರಿಕೊಂಡು ವರ್ಷವಾಯಿತು. ಕೆಮಿಸ್ಟ್ರಿ ಕಲಿಸಿದ್ದು ಯಾರೆಂದು ಯಾರು ಕೇಳಿದರೂ ಈಗಲೂ ಅದನ್ನೇ ಹೇಳುತ್ತೇನೆ, ಮೊದಲಿಗಿಂತ ಗಟ್ಟಿಯಾಗಿ.