ಹಳದಿ ಪಂಪಿನ ಬಾಯಿ

ಗುರುವಯ್ಯನ ಎಡಭುಜ ಸೋತದ್ದು ಬಂಗಲೆಯ ಕೆಳಗಿನ ತಿರುವಿನಲ್ಲಿ. ದೇವರಮನೆ ತಪ್ಪಲಿನ ಆ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ಒಂದೇ ಲಾರಿ ಓಡಿಸಿದವನು ಅವನು. ಉದ್ದ ಮೂತಿಯ, ಎರಡು ತುಂಡು ಗಾಜಿನ ಆ ಲಾರಿಗೆ ನಲವತ್ತು ದಾಟಿತ್ತು. ಲೋಡು ತುಂಬಿಸಿಕೊಂಡು ಆ ತಿರುವು ತೆಗೆಯಬೇಕಾದರೆ ಸ್ಟೀರಿಂಗಿಗೆ ಅಕ್ಷರಶಃ ಜೋತುಬೀಳಬೇಕು. ಡಿಸೆಂಬರಿನಲ್ಲಿ ಹಾಗೆ ಜೋತುಬಿದ್ದಾಗ ಭುಜದೊಳಗೆ ಏನೋ ಕಳಕ್ಕೆಂದಿತು. ಲಾರಿ ರಸ್ತೆ ಬದಿಯ ದರೆಗೆ ಒರಗಿ ನಿಂತಿತು.

ಎಸ್ಟೇಟಿನ ಯಜಮಾನ ಹರ್ಷವರ್ಧನ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಗುರುವಯ್ಯ, ಮುಂದಿನ ಸೋಮವಾರ ಪಾರ್ಚ್‌ಮೆಂಟು ಕಾಫಿ ಚಿಕ್ಕಮಗಳೂರಿಗೆ ಹೋಗ್ಬೇಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಬಾಡಿಗೆ ಲಾರಿ ಹೇಳ್ತೀನಿ. ಇದನ್ನ ಗುಜರಿಗೆ ಹಾಕೋಣ. ನೀವು ಗೇಟಲ್ಲಿ ಆರಾಮಾಗಿ ಕೂತ್ಕೊಳ್ಳಿ.”

“ಸೋಮವಾರ ನಾನೇ ತಗೊಂಡು ಹೋಗ್ತೀನಿ ಸಣ್ಣಯ್ಯ,” ಎಂದ ಗುರುವಯ್ಯ. ಮರುದಿನ ಬೆಳಗ್ಗೆ ನೋಡಿದರೆ ಗೇಟಿನ ಪಕ್ಕದಲ್ಲಿ ಹೊಸ ಪ್ಲಾಸ್ಟಿಕ್ ಕುರ್ಚಿಯೊಂದು ಬಂದು ಕೂತಿತ್ತು.

ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟು ಲಾರಿ ಕ್ಲೀನರ್ ಆದವನು ಅವನು. ಬಿಚ್ಚಿ ಬಿಚ್ಚಿ ಕಲಿತದ್ದೇ ವಿದ್ಯೆ. ಬೋಲ್ಟಿನ ಮೇಲೆ ಹೆಬ್ಬೆರಳು ಸವರಿ ಅಳತೆ ಹೇಳುತ್ತಿದ್ದ. ನೂರರಲ್ಲಿ ತೊಂಬತ್ತೈದು ಸಲ ಸರಿಯಾಗಿರುತ್ತಿತ್ತು. ಉಳಿದ ಐದರ ಮಾತು ಯಾರೂ ಎತ್ತುವಂತಿರಲಿಲ್ಲ. ಚಿಕ್ಕಮಗಳೂರಿನ ಗುಜರಿಯಲ್ಲಿ ಒಂದು ಪವರ್ ಸ್ಟೀರಿಂಗಿನ ಬಾಕ್ಸು ಮತ್ತು ಅದರ ಹಳದಿ ಪಂಪು ಸಿಕ್ಕಿದವು. ನಾಲ್ಕೇ ದಿನದಲ್ಲಿ ಅವನ್ನು ಹಳೇ ಲಾರಿಯ ಹೊಟ್ಟೆಯೊಳಗೆ ಕೂರಿಸಿ, ಬೆಲ್ಟು ಎಳೆದು ಬಿಗಿದ. ಇನ್ನು ಉಳಿದದ್ದು ಒಂದೇ. ಪಂಪಿನ ಬಾಯಿಗೆ ಎಣ್ಣೆಯ ಪೈಪನ್ನು ಸೇರಿಸುವ ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಫಿಟ್ಟಿಂಗು.

ಅದಕ್ಕಾಗಿ ಕಷ್ಟಪಟ್ಟು ಕೂರಿಸಿದ ಪಂಪನ್ನು ಮತ್ತೆ ಬಿಚ್ಚುವುದೇ? ಬಟ್ಟೆ ಸೋಪನ್ನು ಬೆರಳಿನಷ್ಟು ಕೆತ್ತಿ, ಪಂಪಿನ ಬಾಯೊಳಗೆ ತಿರುಗಿಸಿ, ತಿರುಪಿನ ಗೆರೆ ಮೂಡಿದ ಸೋಪನ್ನು ಕಾಗದದಲ್ಲಿ ಸುತ್ತಿಕೊಂಡು ಮೂಡಿಗೆರೆ ಬಸ್ಸು ಹತ್ತಿದ.

ಲೇತ್ ಅಂಗಡಿಯ ನಾಗೇಶ ಪೊಟ್ಟಣ ಬಿಚ್ಚಿ ನೋಡಿದ. “ಎಂತ ಗುರುವಣ್ಣ, ಲಾರಿಗೆ ಎಣ್ಣೆ ಸ್ನಾನನಾ?”

“ನಗಬೇಡ. ಇದಕ್ಕೆ ಒಪ್ಪೋ ಫಿಟ್ಟಿಂಗ್ ಕೊಡು.”

“ಪಂಪು ತನ್ನಿ ಅಂದ್ರೆ ಸೋಪು ತಂದಿದ್ದೀರಲ್ಲ ಮಾರಾಯ್ರೆ! ಸೋಪು ಯಾವ ತಿರುಪಿಗಾದ್ರೂ ಹೂಂ ಅನ್ನತ್ತೆ.”

ಗುರುವಯ್ಯನಿಗೆ ಪಂಪು ಬಿಚ್ಚಿ ತರುವ ತಾಳ್ಮೆ ಎಲ್ಲಿತ್ತು? ವಾಪಸ್ ಬರುವಾಗ ಬಣಕಲ್ಲಿನಲ್ಲಿ ಇಳಿದು ಎರಡು ಅಂಗಡಿಯ ಡಬ್ಬಿಗಳನ್ನು ಮಗುಚಿ ಹಾಕಿದ. ಎಲ್ಲೂ ಸಿಗದೆ ಕೊನೆಗೆ ಎಸ್ಟೇಟಿನವರೆಲ್ಲ ಮಾಡುವುದನ್ನೇ ಮಾಡಿದ. ಗಿಡಕ್ಕೆ ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ಜಾಯಿಂಟು ತಂದ. ನಲ್ಲಿಗೂ ಅದೇ, ಡ್ರಮ್ಮಿಗೂ ಅದೇ. ಆ ಸೀಮೆಯಲ್ಲಿ ಅದು ಕೂರದ ಜಾಗವೇ ಇಲ್ಲ. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಕಚ್ಚಿಕೊಂಡಿತು. ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ ಒತ್ತಿದ.

ಶುಕ್ರವಾರ ಇಂಜಿನ್ನು ಶುರುವಾಯಿತು. ಸ್ಟೀರಿಂಗು ಎರಡು ಬೆರಳಿಗೆ ತಿರುಗಿತು. “ನೋಡೇ ಇಲ್ಲಿ!” ಎಂದು ಅವನು ಹೆಂಡತಿಯನ್ನು ಕೂಗಿದ. ಕಾಫಿ ಒಣಹಾಕುವ ಕಣದಲ್ಲಿದ್ದ ದೇವೀರಮ್ಮ ಶೆಡ್ಡಿಗೆ ಬರುವುದಕ್ಕೂ, ಅವನು ಚಕ್ರವನ್ನು ಕೊನೆಮುಟ್ಟ ತಿರುಗಿಸುವುದಕ್ಕೂ ಸರಿಹೋಯಿತು. ಢಬ್ ಎಂದು ಹಿತ್ತಾಳೆ ಹಾರಿತು. ಬಾನೆಟ್ಟಿನ ಸಂದಿಯಿಂದ ಎಣ್ಣೆ ಚಿಮ್ಮಿತು.

ಆಕೆ ಸೆರಗಿಗೆ ಸಿಡಿದ ಎಣ್ಣೆಯನ್ನು ನೋಡಿಕೊಂಡಳು. “ಇನ್ನಾದ್ರೂ ನನ್ನ ತಮ್ಮನ್ನ ಒಂದು ಮಾತು ಕೇಳ್ತೀರಾ?”

“ಆ ಸರ್ಟಿಫಿಕೇಟ್ ಮನುಷ್ಯನ್ನ?”

“ಹೂಂ, ಬೇಡ ಬಿಡಿ. ಕುರ್ಚಿ ಬಂದಿದೆಯಲ್ಲ, ಕೂತ್ಕೊಂಡು ಬಂದೋರಿಗೆಲ್ಲ ಸಲಾಮು ಹೊಡೀರಿ.”

ಅವಳ ತಮ್ಮ ಪುಟ್ಟಸ್ವಾಮಿ ಕುದುರೆಮುಖದ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಹಿಂದೆ ಒಂದು ಮದುವೆಯ ಪಂಕ್ತಿಯಲ್ಲಿ ಗುರುವಯ್ಯನನ್ನು ‘ಅಂದಾಜಿನ ಮೆಕ್ಯಾನಿಕ್’ ಎಂದಿದ್ದ. ಗುರುವಯ್ಯ ಅದನ್ನು ಹನ್ನೆರಡು ವರ್ಷ ಜತನದಿಂದ ಇಟ್ಟುಕೊಂಡಿದ್ದ.

ಶನಿವಾರ ಮುಂಜಾನೆ ಪಂಪನ್ನು ಬಿಚ್ಚಿ ಗೋಣಿಚೀಲಕ್ಕೆ ಹಾಕಿಕೊಂಡು ಹೊರಟ. ಕಳಸಕ್ಕೆ ಹೋಗುವ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಕಳಸದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಕೂರಲಾಗದೆ ರಸ್ತೆಯಲ್ಲೇ ಅತ್ತಿಂದಿತ್ತ ನಡೆದ. ಕುದುರೆಮುಖದಲ್ಲಿ ಗಣಿ ನಿಂತು ವರ್ಷ ಕಳೆದಿತ್ತು. ಟೌನ್‌ಶಿಪ್ಪಿನ ಸಾಲುಮನೆಗಳಲ್ಲಿ ಬೀಗವೇ ಹೆಚ್ಚು. ಪುಟ್ಟಸ್ವಾಮಿ ಜಗಲಿಯಲ್ಲಿ ಪಾತ್ರೆಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದ.

“ಬನ್ನಿ ಭಾವ. ನನ್ನನ್ನ ಹುಡುಕ್ಕೊಂಡು ಬಂದ್ರಿ ಅಂದ್ರೆ ಲಾರಿಗೆ ಏನೋ ಆಗಿದೆ.”

ಪಂಪನ್ನು ಕೈಗೆ ತೆಗೆದುಕೊಂಡ ಮೇಲೆ ಅವನು ನಗಲಿಲ್ಲ. ಬಾಯನ್ನು ಬಟ್ಟೆಯಲ್ಲಿ ಒರೆಸಿ ಒಳಗಿಣುಕಿದ. “ಹಿತ್ತಾಳೆ ಹಾಕಿದ್ರಾ? ಮೆತ್ತಗಿನದು, ಅದಕ್ಕೇ ಪಂಪು ಉಳಿದಿದೆ. ಈ ಹಳದಿ ನಮ್ಮ ಗಣಿ ಗಾಡಿಗಳದ್ದೇ ಭಾವ. ಇಂಚಿನ ಲೆಕ್ಕದ ತಿರುಪು ಇದಕ್ಕೆ ಕೂರಲ್ಲ, ಮಿಲಿಮೀಟರಿನದು ಬೇಕು.”

“ಎಷ್ಟು ಮಿಲಿಮೀಟರು ಹೇಳು, ಹೋಗ್ತೀನಿ.”

“ಎರಡು ಮೂರು ಥರದ್ದಿದ್ವು. ಅಳೆಯೋ ಗೇಜೆಲ್ಲ ಸ್ಟೋರಿಗೆ ವಾಪಸ್ ಕೊಟ್ಟಾಯ್ತು. ಅಂದಾಜಲ್ಲಿ ಹೇಳಲ್ಲ.” ಗುರುವಯ್ಯನ ಮುಖ ಬಿಗಿದದ್ದನ್ನು ಅವನು ಗಮನಿಸಿದಂತೆ ಕಾಣಲಿಲ್ಲ. “ಗುಜರಿಯಿಂದ ತಂದಾಗ ಇದರ ಬಾಯಲ್ಲಿ ಎಂತ ಇತ್ತು?”

“ಎಂತದೋ ಜಜ್ಜಿದ ತುಂಡು. ಕಿತ್ತು ಬಿಸಾಕಿದೆ.”

“ಅಯ್ಯೋ ಮಾರಾಯ್ರೆ! ಪಂಪು ಇಳಿಸಿದ್ರೆ ಬಾಯಿ ತೆರೆದು ಇಡ್ತಿರಲಿಲ್ಲ ನಾವು, ಧೂಳು ಹೋಗತ್ತೆ ಅಂತ. ಪೈಪು ಕತ್ತರಿಸಿ, ತುದಿ ಜಜ್ಜಿ, ಫಿಟ್ಟಿಂಗನ್ನ ಅಲ್ಲೇ ಬಿಡ್ತಿದ್ವಿ. ನೀವು ಊರೆಲ್ಲ ಹುಡುಕಿದ್ದು ಅದನ್ನೇ.”

ಗುರುವಯ್ಯ ಕಾಫಿಗೂ ನಿಲ್ಲಲಿಲ್ಲ. ಎಸ್ಟೇಟು ಮುಟ್ಟಿದಾಗ ಹೊತ್ತು ವಾಲಿತ್ತು. ಶೆಡ್ಡಿನ ಹಿಂದೆ ಲಂಟಾನದ ಬುಡವನ್ನೆಲ್ಲ ಕೆದಕಿದ. ತುಕ್ಕು ಹಿಡಿದ ಡಬ್ಬ ಸಿಕ್ಕಿತು, ಮುರಿದ ಪ್ಲೇಟು ಸಿಕ್ಕಿತು, ಅದೊಂದು ಸಿಗಲಿಲ್ಲ. ಕಣದಲ್ಲಿ ಆಳುಗಳು ಕಾಫಿಯ ರಾಶಿಗೆ ಟಾರ್ಪಾಲು ಎಳೆಯುತ್ತಿದ್ದರು. ಗಾಳಿಗೆ ಹಾರದ ಹಾಗೆ ಅಂಚಿಗೆಲ್ಲ ಹಳೇ ಕಬ್ಬಿಣ ಹೇರುವುದು ಅಲ್ಲಿನ ರೂಢಿ. ಗುರುವಯ್ಯ ಗಕ್ಕನೆ ನಿಂತ. ಆಮೇಲೆ ಅಂಚಿನುದ್ದಕ್ಕೂ ಮಂಡಿಯೂರಿ ಒಂದೊಂದನ್ನೇ ಎತ್ತಿ ನೋಡುತ್ತ ಹೊರಟ.

“ಎಂತ ಹುಡುಕ್ತೀರಿ?” ಎಂದಳು ದೇವೀರಮ್ಮ. ಅವನು ಬೆರಳಲ್ಲಿ ಗಾತ್ರ ತೋರಿಸಿದ.

“ಹಳದಿ ಬಣ್ಣದ್ದಾ? ಆ ಮೂಲೆ ಹಾರ್ತಿತ್ತು ಅಂತ ನಾನೇ ಹಗ್ಗಕ್ಕೆ ಕಟ್ಟಿದ್ದೆ.”

ಆಕೆಯೇ ಹಗ್ಗ ಬಿಚ್ಚಿಕೊಟ್ಟಳು. ಕಣದ ಮಧ್ಯೆ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಆ ತುಂಡನ್ನು ಬಾಯಿಗಿಟ್ಟ. ಸ್ಪ್ಯಾನರ್ ಬೇಕಾಗಲಿಲ್ಲ. ಬರೀ ಬೆರಳಿಗೆ ಕೊನೆಯ ಸುತ್ತಿನವರೆಗೂ ಇಳಿಯಿತು.

ಭಾನುವಾರ ನಾಗೇಶ ಮುಚ್ಚಿದ ಅಂಗಡಿಯನ್ನು ಅವನಿಗೋಸ್ಕರ ತೆರೆದು, ತುದಿ ಜಜ್ಜಿಹೋಗಿದ್ದ ಆ ತುಂಡನ್ನು ಅಳೆದು ಉಕ್ಕಿನಲ್ಲಿ ಹೊಸದನ್ನು ಕಡೆದುಕೊಟ್ಟ. ಸೋಪಿನ ಮಾತು ಎತ್ತದೆ ಬಿಡಲಿಲ್ಲ.

ಸೋಮವಾರ ಹರ್ಷವರ್ಧನ ತಿರುವಿನಲ್ಲೇ ಬಂದು ನಿಂತಿದ್ದ. ಮೂವತ್ತೊಂದು ವರ್ಷದ ರೂಢಿಗೆ ಗುರುವಯ್ಯ ಮೈಯೆಲ್ಲ ಹಾಕಿ ಎಳೆದ. ಹಗುರಾದ ಸ್ಟೀರಿಂಗು ಗಿರ್ರನೆ ತಿರುಗಿ ಲಾರಿಯ ಮೂತಿ ಕಮರಿಯತ್ತ ನುಗ್ಗಿತು. ಬ್ರೇಕಿನ ಮೇಲೆ ಎದ್ದೇ ನಿಂತ. ಮಣ್ಣಿನ ಹೆಂಟೆಯೊಂದು ಕೆಳಗುರುಳಿತು. ಹಿಂದಕ್ಕೆ ತೆಗೆದು, ಈ ಸಲ ಅಂಗೈಯಲ್ಲಿ ಸವರಿದಷ್ಟೇ ತಿರುಗಿಸಿದ. ತಿರುವು ದಾಟಿತು.

ಗೇಟಿನಲ್ಲಿ ಖಾಲಿ ಕುರ್ಚಿಯ ಪಕ್ಕ ಬೇಕೆಂದೇ ಉದ್ದಕ್ಕೆ ಹಾರನ್ ಹೊಡೆದ. ಆದರೂ ಮನಸ್ಸು ನಿಲ್ಲಲಿಲ್ಲ. ಮೂಡಿಗೆರೆ ಮುಟ್ಟುವುದರೊಳಗೆ ಮೂರು ಸಲ ಲಾರಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಪಂಪಿನ ಬಾಯಿಯ ಅಡಿಗೆ ಹೆಬ್ಬೆರಳು ಸವರಿದ. ಮೂರು ಸಲವೂ ಹೆಬ್ಬೆರಳಿಗೆ ಎಣ್ಣೆ ಹತ್ತಲಿಲ್ಲ.