ಮೂಗಿಗೆ ಎಣ್ಣೆ ಬೇಡವೆಂದ ಕಸ್ತೂರಿಬಾಯಿ

ಬೆಳಿಗ್ಗೆ ಆರೂಕಾಲು. ಮುಂಬೈನ ವಡಾಲದ ಒಂದು ಬಿಲ್ಡಿಂಗಿನ ಮೂರನೇ ಮಹಡಿ. ಕಸ್ತೂರಿಬಾಯಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಅಂಗಾತ ಮಲಗಿದ ಇಪ್ಪತ್ತು ದಿನದ ಕೂಸಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಾರೆ. ತಾಯಿ ನಿಶ್ಮಿತಾ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದಾರೆ. ಅಜ್ಜಿ ವಿನೋದಿನಿ ಎಣ್ಣೆ ಬಟ್ಟಲು ಹಿಡಿದು, “ಮೂಗಿಗೆ ಎರಡು ಹನಿ ಬಿಡಿ ಮಾರಾಯ್ರೆ,” ಅನ್ನುತ್ತಾರೆ.

“ಬ್ಯಾಡ್ರಿ.”

“ಹೋದ ಸರ್ತಿ ನೀವೇ ಬಿಟ್ಟದ್ದಲ್ವಾ?”

“ನಾನಽ ಬಿಟ್ಟಿದ್ದೆ. ತಪ್ಪು ಮಾಡಿದ್ದೆ.”

ಮೂವತ್ತು ವರ್ಷ ಕೂಸುಗಳಿಗೆ ನೀರೆರೆದವರು ಹೀಗೆ ಹೇಳಬೇಕಾದರೆ ಎಂಥ ಗಟ್ಟಿ ಗುಂಡಿಗೆ ಬೇಕು!

ಕಲಬುರ್ಗಿ ಕಡೆಯ ಕಸ್ತೂರಿಬಾಯಿ ಇರುವುದು ಅಲ್ಲೇ ಹತ್ತಿರದ ಆಂಟಾಪ್ ಹಿಲ್‌ನ ಒಂಟಿಕೋಣೆಗಳ ಚಾಳಿನಲ್ಲಿ. ಗಂಡ ತೀರಿಕೊಂಡ ಮೇಲೆ ಬಾಣಂತಿ-ಕೂಸುಗಳ ಮಾಲೀಶೇ ಹೊಟ್ಟೆಪಾಡು. ದಿನಕ್ಕೆ ಐದು ಮನೆ, ಆರು ಕೂಸು; ಒಂದು ಮನೆಯಲ್ಲಿ ಅವಳಿ. ಮೂಗಿಗೆ ಎಣ್ಣೆ ಬಿಟ್ಟರೆ ಉಸಿರು ಸಲೀಸಾಗುತ್ತದೆಂದು ಅವ್ವ ಕಲಿಸಿದ್ದರು.

ನಾಲ್ಕು ವರ್ಷದ ಹಿಂದೆ ನಿಶ್ಮಿತಾರ ಮೊದಲ ಮಗು ಯಕ್ಷಿತಾ ಉಸಿರಿಗೆ ಒದ್ದಾಡಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ಅಜ್ಜಿ ಅದನ್ನು ಇಂದಿಗೂ ನಂಬುವುದಿಲ್ಲ; ಕಸ್ತೂರಿಬಾಯಿಯೂ ಆಗ ನಂಬಲಿಲ್ಲ. “ಸಿಟ್ಟು ನೆತ್ತಿಗೇರ್ತು ನೋಡ್ರಿ. ನಿನ್ನೆ ಮೊನ್ನೆ ಬಂದ ಡಾಕ್ಟರ್‌ಗೆ ಏನ್ ಗೊತ್ತೈತಿ ಅಂತ ಬೈದೆ.”

ಮನೆಗೆ ಹೋದವರೇ ಹಠಕ್ಕೆ ಬಿದ್ದು ಅಂಗಾತ ಮಲಗಿ ತಮ್ಮ ಮೂಗಿಗೇ ಎರಡು ಹನಿ ಬಿಟ್ಟುಕೊಂಡರು. “ಗಂಟಲಾಗ ಇಳದು, ಕೆಮ್ಮಿ ಕೆಮ್ಮಿ ಜೀವ ಹೋದಂಗಾತು. ನಾನೇನೋ ಎದ್ದು ಕುಂತೆ. ಆ ಕೂಸು ಹ್ಯಾಂಗ ಎದ್ದು ಕುಂದರತದ್ರಿ?” ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಮರುದಿನವೇ ಎಲ್ಲ ಮನೆಗಳಿಗೂ ಹೋಗಿ ತಪ್ಪೊಪ್ಪಿಕೊಂಡರು. ಎರಡು ಮನೆಯವರು ಕೆಲಸ ಬಿಡಿಸಿದರು. ಈಗ ಅವ್ವ ಕಲಿಸಿದ ಒಂದೊಂದನ್ನೂ ದವಾಖಾನೆಯ ನರ್ಸ್ ಹತ್ತಿರ ಕೇಳಿಯೇ ಮಾಡುತ್ತಾರೆ. “ಅವ್ವ ಸುಳ್ಳು ಹೇಳಿಲ್ರಿ. ಅಕಿಗೂ ಯಾರೂ ಹೇಳಿದ್ದಿಲ್ಲ, ಪಾಪ.”

ಎರಡನೇ ಕೂಸಿಗೂ ನಿಶ್ಮಿತಾ ಇವರನ್ನೇ ಕರೆಸಿದ್ದಾರೆ ನಿಜ. ಆದರೆ ಮೊದಲ ದಿನದಿಂದ ಆ ಸ್ಟೂಲ್ ಬಿಟ್ಟು ಕದಲಿಲ್ಲ. ಕಸ್ತೂರಿಬಾಯಿಗೆ ಅದರ ಬೇಜಾರಿಲ್ಲ, ಆಸೆಯೊಂದಿದೆ: “ಅಕಿ ಭರೋಸಾ ತಿರುಗಿ ಬರಬೇಕು, ಅಷ್ಟಽ.”

ಅಷ್ಟರಲ್ಲಿ ನಿಶ್ಮಿತಾ ಆಕಳಿಸುತ್ತ ಸ್ಟೂಲಿನಿಂದ ಏಳುತ್ತಾರೆ. “ಬಾಯಿ, ನಾನು ಸ್ವಲ್ಪ ಮಲಗ್ತೇನೆ ಆಯ್ತಾ?”

ಎಣ್ಣೆಗೈ ಅರೆಗಳಿಗೆ ನಿಲ್ಲುತ್ತದೆ.

“ಮಲಗವ್ವಾ. ಬಾಗಲಾ ಮಾತ್ರ ತೆಗದಽ ಇಡು, ಎಚ್ಚರಾದ್ರ ಕಾಣ್ತಿರ್ಲಿ.”