ಹಗೇವಿಗೆ ಬಿಟ್ಟ ಕಂದೀಲು

ಹೋದ ಬೇಸಿಗೆಯಲ್ಲಿ ನೀವು ಮೊಮ್ಮಕ್ಕಳೆಲ್ಲ ತೆಲಸಂಗಕ್ಕೆ ಬಂದಾಗ ಅಂಗಳದ ಹಗೇವನ್ನು ಬಗ್ಗಿ ನೋಡಿದಿರಿ. ನಿಮ್ಮಲ್ಲಿ ಹಿರಿಯವಳು ಇತಿಹಾಸದ ಪುಸ್ತಕ ತಂದು, ಸಾವಿರಾರು ವರ್ಷಗಳ ಹಿಂದೆ ಸಿಂಧೂ ಬಯಲಿನ ಜನರೂ ಕಾಳು ಕಾಪಿಡುತ್ತಿದ್ದರು ಎಂದು ಓದಿ ಹೇಳಿದಳು.

"ಅಜ್ಜಿ, ಇದು ಅವರಿಂದ ನಮ್ಮೂರಿಗಿ ಹೆಂಗ ಬಂತ?"

"ನಂಗೇನ ಗೊತ್ತ ಬೇ? ನನಗ ನಿಮ್ಮ ಮುತ್ತಜ್ಜಿಯಿಂದ ಬಂತು," ಎಂದಷ್ಟೇ ಹೇಳಿದೆ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಸುತ್ತ ಹುಲ್ಲು ಹೊಂದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ನಾನು ಈ ಮನೆಗೆ ಬಂದ ಹೊಸದರಲ್ಲಿ ಅದು ಪ್ರತಿ ಸುಗ್ಗಿಗೂ ತುಂಬುತ್ತಿತ್ತು. ತೆಗೆಯುವ ದಿನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಆಮೇಲೆ ಚೀಲ, ತಗಡಿನ ಡಬ್ಬಿ ಬಂದವು. ಹಗೇವಿನ ಮೇಲೆ ಮಣ್ಣು ಬಿತ್ತು.

ನೀವು ಬರುವ ಕೆಲವು ದಿನ ಮೊದಲು, ಟ್ರ್ಯಾಕ್ಟರ್ ನಿಲ್ಲಿಸಲು ಪತ್ರಾಸ್ ತಗಡಿನ ಶೆಡ್ಡು ಹಾಕಬೇಕೆಂದು ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಅಂಗಳ ಅಗೆಸಿದರು. ಮುಚ್ಚಿದ್ದ ಕಲ್ಲು ಸಿಕ್ಕಿತು. ಒಳಗೆ ಏನಾದರೂ ಉಳಿದಿದೆಯೇ ನೋಡಿ ಮಣ್ಣು ತುಂಬಿಸೋಣ ಎಂದರು.

"ದೀಪಾ ಬಿಡದ ಇಳೀಬಾರ್ದು, ನಮ್ಮವ್ವ ಹೇಳ್ತಿದ್ಲು," ಎಂದು ಹಗ್ಗಕ್ಕೆ ಬ್ಯಾಟರಿ ಕಟ್ಟಿ ಬಿಟ್ಟರು. ಅದು ತಳ ಮುಟ್ಟಿದರೂ ಬೆಳಗುತ್ತಲೇ ಇತ್ತು.

"ಆರಿಲ್ಲ ನೋಡ್ರಿ. ಇನ್ನ ಇಳೀತೇನಿ," ಎಂದು ಶೆಡ್ಡು ಕಟ್ಟಲು ಬಂದಿದ್ದ ಗವಂಡಿಗೆ ಹೇಳಿ ಧೋತರ ಮೇಲೆ ಕಟ್ಟಿದರು.

ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. "ಅದಲ್ಲರಿ," ಎಂದೆ. ಯಾರಿಗೂ ಕೇಳಿಸಲಿಲ್ಲ. ನಿಮ್ಮ ಅಜ್ಜ ಇದ್ದಿದ್ದರೆ ಅವರ ಕಿವಿಯಲ್ಲಿ ಹೇಳುತ್ತಿದ್ದೆ, ಅವರು ಹೊರಗೆ ಹೇಳುತ್ತಿದ್ದರು. ಮೈದುನ ಆಗಲೇ ಒಂದು ಕಾಲು ಒಳಗೆ ಇಳಿಬಿಟ್ಟಿದ್ದರು. ಗೂಟದಲ್ಲಿದ್ದ ಕಂದೀಲು ಹಚ್ಚಿಕೊಂಡು ಅಂಗಳಕ್ಕೆ ಬಂದೆ. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.

"ಇಳೀಬ್ಯಾಡ್ರಿ! ಮೊದ್ಲ ಇದನ್ನ ಬಿಡ್ರಿ!"

ಮೈದುನ ನಕ್ಕರು. "ವೈನಿ, ಮಟಮಟ ಮಧ್ಯಾಹ್ನದಾಗ ಕಂದೀಲಾ? ಬ್ಯಾಟರಿ ಐತೆಲ್ರಿ ಒಳಗ."

"ಅದಕ್ಕ ಉಸರ ಬೇಕಾಗಿಲ್ರಿ. ಇದಕ್ಕ ಬೇಕು."

ನಾನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅವರು ಕೇಳಿರಲಿಲ್ಲ. ನಗು ನಿಲ್ಲಿಸಿ ಕಂದೀಲನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ಬಿಟ್ಟರು. ಅರ್ಧ ಇಳಿಯುವುದರೊಳಗೆ ಉರಿ ಸಣ್ಣದಾಗಿ ಆರಿಹೋಯಿತು. ಕೆಳಗೆ ಬ್ಯಾಟರಿ ಮಾತ್ರ ಹಾಗೆಯೇ ಬೆಳಗುತ್ತಿತ್ತು. ಮೈದುನ ಕಾಲು ಮೇಲೆ ಎಳೆದುಕೊಂಡು ಅಲ್ಲೇ ಮಣ್ಣಿನಲ್ಲಿ ಕೂತರು. ನಾನು ಚಹಾಕ್ಕೆ ಇಡಲು ಒಳಗೆ ಹೋದೆ.

ಬಾಯಿ ತೆರೆದಿಟ್ಟು, ಗಾಳಿಯಾಡಲೆಂದು ದಿನಾ ಹಗ್ಗಕ್ಕೆ ಬೇವಿನ ಟೊಂಗೆ ಕಟ್ಟಿ ಒಳಗೆ ಮೇಲೆ ಕೆಳಗೆ ಆಡಿಸಿದರು. ಕಂದೀಲು ತಳದವರೆಗೂ ಉರಿದ ದಿನ ಇಳಿದರು. ಸಿಕ್ಕಿದ್ದು ಕರ್ರಗಾದ ಹುಲ್ಲು ಮಾತ್ರ. ಆದರೂ ಹಗೇವನ್ನು ಮುಚ್ಚಲಿಲ್ಲ, ಶೆಡ್ಡು ಅತ್ತ ಸರಿಯಿತು. ಈ ಸುಗ್ಗಿಗೆ ಜೋಳ ತುಂಬಿದ್ದೇವೆ.

ಮುಂದೆ ನೀವು ಯಾರಾದರೂ ಆ ಕಲ್ಲು ತೆಗೆದರೆ ಉರಿಯುವ ದೀಪವನ್ನೇ ಬಿಡಿ. ಅದು ಬೆಳಕಿಗಲ್ಲ, ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ತಿಳಿಯಲಿಕ್ಕೆ. ಕಂದೀಲು ಅಡಿಗೆಮನೆಯ ಗೂಟದಲ್ಲೇ ಇದೆ. ಚಿಮಣಿ ಎಣ್ಣೆ ಹಾಕಿಟ್ಟಿದ್ದೇನೆ.